ಡ್ಯಾಫೊಡಿಲ್ ಒಗ್ಗದಿದ್ದರೇನು, ಅದರ ನಂಟರಿದ್ದಾರೆ

ಫಲಪುಷ್ಪ ಮೇಳವೊಂದರ ಮಳಿಗೆಯಲ್ಲಿ ಐದು ಗೆಡ್ಡೆ ಕೊಂಡೆ. ಪ್ಯಾಕೆಟ್ಟಿನ ಮೇಲೆ ಹಳದಿ ಹೂವಿನ ಚಂದದ ಚಿತ್ರ. 'ಚಟ್ಟಿಯಲ್ಲಿ ನೆಡಿ, ನೀರು ಕೊಡಿ, ಎರಡು ತಿಂಗಳಲ್ಲಿ ಹೂವು' ಅಂದ ಮಾರುವವ. ಹೈಸ್ಕೂಲಿನಲ್ಲಿ ವರ್ಡ್ಸ್‌ವರ್ತ್‌ನ ಡ್ಯಾಫೊಡಿಲ್ ಪದ್ಯ ಬಾಯಿಪಾಠ ಬಾರದೆ ಬೆಂಚಿನ ಮೇಲೆ ನಿಂತವರಲ್ಲಿ ನಾನೂ ಒಬ್ಬ. ಆ ಹೂವೇ ನಮ್ಮ ಜಗಲಿಯಲ್ಲಿ ಅರಳುತ್ತದೆ ಅಂದರೆ ಆಸೆಯಾಗದೆ ಇರುತ್ತದೆಯೇ?

ಐದರಲ್ಲಿ ಎರಡು ಕೊಳೆತವು. ಮೂರು ಎಲೆ ಬಿಟ್ಟವು. ಅದರಲ್ಲೊಂದರ ಎಲೆಗಳ ಬುಡದಲ್ಲಿ ಮೊಗ್ಗಿನಂಥದ್ದು ಇಣುಕಿತು. ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಕೊಂಡು ಹೋಗಿ ನೋಡಿದ್ದೇ ನೋಡಿದ್ದು. ಅದು ಮೇಲೆ ಏಳಲೇ ಇಲ್ಲ. ಅಲ್ಲೇ ಒಣಗಿ ಕಾಗದದ ಚೂರಿನ ಹಾಗಾಯಿತು. ಮೇ ತಿಂಗಳಿಗೆ ಮೂರೂ ಗೆಡ್ಡೆ ಮೆತ್ತಗಾಗಿ ಕತೆ ಮುಗಿಯಿತು.

ಗೊಬ್ಬರ ತಪ್ಪಾಯಿತೋ, ನೀರು ಹೆಚ್ಚಾಯಿತೋ ಎಂದು ತಲೆ ಕೆಡಿಸಿಕೊಂಡವನಿಗೆ ಆಮೇಲೆ ತಿಳಿದದ್ದು, ತಪ್ಪು ನನ್ನದೂ ಅಲ್ಲ, ಗೆಡ್ಡೆಯದ್ದೂ ಅಲ್ಲ. ನಮ್ಮ ಹವೆಯದ್ದು.

ಚಳಿಯ ಲೆಕ್ಕ

ಡ್ಯಾಫೊಡಿಲ್ ಎಂದರೆ ನಾರ್ಸಿಸಸ್ ಎಂಬ ಕುಲದ ಗಿಡ. ಮೂಲ ಸ್ಪೇನ್, ಪೋರ್ಚುಗಲ್ ಸುತ್ತಿನ ನೆಲ. ಅಲ್ಲಿಂದ ಆಚೆ ಯುರೋಪಿನ ತಂಪಿನಲ್ಲೂ ಇದೆ. ಇದರ ಜೀವನಕ್ರಮ ನಮ್ಮದಕ್ಕೆ ಪೂರಾ ಉಲ್ಟಾ. ಬೇಸಿಗೆಯಲ್ಲಿ ಎಲೆ ಒಣಗಿ ಗೆಡ್ಡೆ ಮಣ್ಣಿನೊಳಗೆ ಮಲಗಿರುವಾಗಲೇ ಒಳಗೆ ಮುಂದಿನ ಹೂವು ರೂಪುಗೊಂಡಿರುತ್ತದೆ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬೇರು. ಆ ಮೇಲೆ ಹಿಮ, ಚಳಿ. ಸುಮಾರು 12ರಿಂದ 16 ವಾರ ಮಣ್ಣು 5ರಿಂದ 9 ಡಿಗ್ರಿ ಸೆಲ್ಸಿಯಸ್ ಇರಬೇಕು. ಹೂವಿನ ದಂಟು ಉದ್ದವಾಗಲು ಬೇಕಾದ ಅಪ್ಪಣೆ ಸಿಗುವುದು ಈ ಚಳಿಯಿಂದ. ಚಳಿ ಸಿಗದಿದ್ದರೆ ಮೊಗ್ಗು ಒಳಗೇ ಕೂತು ಸತ್ತುಹೋಗುತ್ತದೆ. ನನ್ನ ಚಟ್ಟಿಯಲ್ಲಿ ಆದದ್ದು ಇದೇ.

ನಮ್ಮ ಕರಾವಳಿಯಲ್ಲಿ ಡಿಸೆಂಬರಿನ ಬೆಳಗಿನ ಜಾವವೂ 18-20 ಡಿಗ್ರಿಗಿಂತ ಕೆಳಗೆ ಇಳಿಯುವುದು ಅಪರೂಪ. ಬೆಂಗಳೂರು, ಮಡಿಕೇರಿಯಲ್ಲಿ ಸ್ವಲ್ಪ ಹೆಚ್ಚು ಚಳಿ ನಿಜ, ಆದರೆ 9 ಡಿಗ್ರಿ ಮೂರು ತಿಂಗಳು? ಆಗದ ಮಾತು. ಕಾಶ್ಮೀರದಲ್ಲಿ ಆಗುತ್ತದೆ. ಶ್ರೀನಗರದಲ್ಲಿ 2007ರಲ್ಲಿ ತೆರೆದ ಟ್ಯುಲಿಪ್ ತೋಟದಲ್ಲಿ ಟ್ಯುಲಿಪ್ ಜೊತೆ ಡ್ಯಾಫೊಡಿಲ್ ಕೂಡಾ ಅರಳುತ್ತದೆ.

'ಫ್ರಿಜ್ ಉಂಟಲ್ಲ!' ಎನ್ನುವವರಿದ್ದಾರೆ. ಹೌದು, ದಾರಿ ಉಂಟು. ಗೆಡ್ಡೆಯನ್ನು ಕಾಗದದ ಲಕೋಟೆಯಲ್ಲಿ ಹಾಕಿ ತರಕಾರಿ ಇಡುವ ಡಬ್ಬದಲ್ಲಿ ಮೂರು-ಮೂರೂವರೆ ತಿಂಗಳು ಇಟ್ಟು, ಡಿಸೆಂಬರಿನಲ್ಲಿ ಹೊರತೆಗೆದು ನೆಡಬೇಕು. ಪಕ್ಕದಲ್ಲಿ ಬಾಳೆಹಣ್ಣು, ಮಾವಿನಹಣ್ಣು, ಸೇಬು ಇಡಬಾರದು. ಹಣ್ಣಾಗುವಾಗ ಬರುವ ಎಥಿಲೀನ್ ಗಾಳಿಗೆ ಒಳಗಿನ ಮೊಗ್ಗು ಸಾಯುತ್ತದೆ. ಬಿಸಿಲು ಖಾರವಾಗದ ಜಾಗದಲ್ಲಿ ಹೂವು ಬಂದೀತು. ಒಂದೇ ಸಲ. ಬೇಸಿಗೆ ಬಂದಾಗ ಎಲೆ ಬೇಗ ಹಳದಿಯಾಗಿ ಗೆಡ್ಡೆ ಸೊರಗುತ್ತದೆ, ಮಳೆಗಾಲದಲ್ಲಿ ಉಳಿದದ್ದೂ ಕೊಳೆಯುತ್ತದೆ. ನಾರ್ಸಿಸಸ್‌ನಲ್ಲೇ ಪೇಪರ್‌ವೈಟ್ ಎಂಬ ಬಿಳಿಗೊಂಚಲಿನ ಜಾತಿಗೆ ಈ ಚಳಿಯ ಹಟ ಇಲ್ಲ. ಉತ್ತರದವರು ನರ್ಗಿಸ್ ಎಂದು ಕರೆಯುವುದು ಇದರ ಹತ್ತಿರದ ಸಂಬಂಧಿಯನ್ನು. ಆಸೆ ಬಿಡದವರು ಇದನ್ನು ನೋಡಬಹುದು. ಹಾಗೆಂದು ವಿದೇಶದಲ್ಲಿರುವ ಮಗ, ಅಳಿಯನ ಸೂಟ್‌ಕೇಸಿನಲ್ಲಿ ಗೆಡ್ಡೆ ತರಿಸಬೇಡಿ. ಪರವಾನಗಿ ಇಲ್ಲದೆ ಸಸ್ಯ ತರುವುದು ಕಾನೂನಿಗೆ ವಿರುದ್ಧ ಮಾತ್ರವಲ್ಲ, ಗೆಡ್ಡೆಯೊಳಗೆ ಜಂತುಹುಳ ಪುಕ್ಕಟೆ ಬರುತ್ತದೆ. ಬ್ರಿಟನ್ನಿನ ಬೆಳೆಗಾರರೇ ಈ ಜಂತಿಗೆ ಹೆದರಿ ಗೆಡ್ಡೆಗಳನ್ನು 44.4 ಡಿಗ್ರಿ ಬಿಸಿನೀರಿನಲ್ಲಿ ಮೂರು ಗಂಟೆ ಅದ್ದಿ ನೆಡುವ ಕ್ರಮ ಇಟ್ಟುಕೊಂಡಿದ್ದಾರೆ.

ಹಾಗಾದರೆ ನಾವು ಸೋತೆವಾ? ಇಲ್ಲ. ಡ್ಯಾಫೊಡಿಲ್‌ನ ಕುಟುಂಬ ದೊಡ್ಡದು. ಅಮರಿಲ್ಲಿಡೇಸಿ ಎಂದು ಹೆಸರು. ಅದರ ಬಿಸಿ ದೇಶದ ನಂಟರು ನಮ್ಮ ಅಂಗಳದಲ್ಲಿ ಅಜ್ಜಿಯ ಕಾಲದಿಂದ ಇದ್ದಾರೆ. ನಾವೇ ಗಮನಿಸಿಲ್ಲ.

'ಎಲೆ ಬರ್ತದೆ, ಹೂ ಬರುದಿಲ್ಲ'

ಮೊದಲನೆಯದು ಹಿಪ್ಪಿಯಾಸ್ಟ್ರಮ್. ಅಂಗಡಿಯವರು, ನರ್ಸರಿಯವರು, ಮನೆಯವರು ಎಲ್ಲರೂ ಹೇಳುವುದು ಅಮರಿಲ್ಲಿಸ್. ಹಾಗೇ ಹೇಳೋಣ, ಗಿಡಕ್ಕೇನೂ ಬೇಸರವಿಲ್ಲ. ದಕ್ಷಿಣ ಅಮೆರಿಕದ ಗಿಡ. ಹಳೆ ಮನೆಗಳ ಮೆಟ್ಟಿಲ ಬದಿಯಲ್ಲಿ, ತುಳಸಿಕಟ್ಟೆಯ ಸುತ್ತ ಕಿತ್ತಳೆ ಮಿಶ್ರಿತ ಕೆಂಪು ಬಣ್ಣದ, ಒಳಗೆ ಬಿಳಿ ನಕ್ಷತ್ರವಿರುವ ತುತ್ತೂರಿ ಹೂವು ಕಾಣುತ್ತದಲ್ಲ, ಅದು ಇದರ ಒಂದು ಜಾತಿ. ಈಗ ಪೇಟೆಯಲ್ಲಿ ಸಿಗುವ ಊಟದ ತಟ್ಟೆಯಷ್ಟಗಲದ ಬಿಳಿ, ಗುಲಾಬಿ, ಪಟ್ಟೆಪಟ್ಟೆ ಹೂಗಳು ಹೈಬ್ರಿಡ್.

ಈ ಗಿಡದ ಬಗ್ಗೆ ನಾನು ಕೇಳಿದ ಪ್ರಶ್ನೆ ಒಂದೇ. 'ತಂದ ವರ್ಷ ಭರ್ಜರಿ ಹೂ ಬಂತು. ಆಮೇಲೆ ಬರೀ ಎಲೆ. ಯಾಕೆ?' ಕೆಲವರಿಗೆ ಮಾರಿದವನ ಮೇಲೆ ಸಿಟ್ಟು. ನಿಜ ಸಂಗತಿ ಬೇರೆ.

ಅಮರಿಲ್ಲಿಸ್ ಗೆಡ್ಡೆ ಒಳಗೊಳಗೇ ಒಂದು ಲೆಕ್ಕ ಇಟ್ಟುಕೊಂಡಿದೆ. ಸುಮಾರಾಗಿ ನಾಲ್ಕು ಎಲೆ ಹುಟ್ಟಿಸಿದ ಮೇಲೆ ಒಂದು ಹೂದಂಟಿನ ಮೊಳಕೆ. ಮತ್ತೆ ನಾಲ್ಕೆಲೆ, ಮತ್ತೊಂದು ದಂಟು. ಆ ದಂಟು ಹೊರಗೆ ಬರಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಅಂದರೆ ಈ ಏಪ್ರಿಲ್‌ನಲ್ಲಿ ನೀವು ನೋಡುವ ಹೂವು ಹೋದ ವರ್ಷದ ಎಲೆಯ ಸಂಪಾದನೆ. ತಂದ ವರ್ಷದ ಹೂವು ನರ್ಸರಿಯವನ ಸಂಪಾದನೆ, ನಮ್ಮದಲ್ಲ! ನಮ್ಮ ಕೃಷಿಗೆ ಮಾರ್ಕು ಸಿಗುವುದು ಎರಡನೇ ವರ್ಷ.

ಇದು ಅರ್ಥವಾದರೆ ಉಳಿದದ್ದು ಸುಲಭ. ಮಳೆಗಾಲದಲ್ಲಿ 8 ಒಳ್ಳೆ ಎಲೆ ಬಂದರೆ 2 ದಂಟಿನ ಆಸೆ ಇಟ್ಟುಕೊಳ್ಳಬಹುದು. 3 ಬಡಕಲು ಎಲೆ ಬಂದರೆ ಒಂದೂ ಕಷ್ಟ. ನಾವು ಮಾಡುವುದೇನು? ಹೂವು ಬಾಡಿದ ಮೇಲೆ ಚಟ್ಟಿಯನ್ನು ಹಿತ್ತಿಲ ಮೂಲೆಗೆ, ಹಲಸಿನ ಮರದಡಿಗೆ ತಳ್ಳುತ್ತೇವೆ. ಎಲೆ ಉದ್ದವಾಗಿ ಮಲಗಿತು, ಚಂದ ಕಾಣುವುದಿಲ್ಲ ಎಂದು ಕತ್ತಿಯಲ್ಲಿ ಸವರುತ್ತೇವೆ. ಹಸಿ ಎಲೆ ಕತ್ತರಿಸುವುದು ಅಂದರೆ ಮುಂದಿನ ವರ್ಷದ ಹೂವನ್ನೇ ಕತ್ತರಿಸಿದ ಹಾಗೆ. (ಡ್ಯಾಫೊಡಿಲ್‌ಗೂ ಇದೇ ಕಾನೂನು. ಅಲ್ಲಿನವರು ಹೂವು ಮುಗಿದು ಕನಿಷ್ಠ ಆರು ವಾರ ಎಲೆ ಮುಟ್ಟುವುದಿಲ್ಲ.) ಹೂವು ಬಾಡಿದೊಡನೆ ತುದಿಯ ಹೂ, ಕಾಯಿ ಮಾತ್ರ ಚಿವುಟಿ. ದಂಟು ಹಸಿರು ಇರುವಷ್ಟು ದಿನ ಇರಲಿ, ಅದೂ ಗೆಡ್ಡೆಗೆ ಊಟ ಮಾಡಿ ಕೊಡುತ್ತದೆ.

ಹೂವು ಬಾರದ ಎರಡನೆಯ ಕಾರಣ ವಿಶ್ರಾಂತಿ ಇಲ್ಲದ್ದು. ಅಡಿಕೆ ತೋಟದ ಬದಿಯಲ್ಲಿ ನೆಟ್ಟವರ ಗೋಳು ಇದು. ಡಿಸೆಂಬರಿನಿಂದ ಮೇವರೆಗೆ ಸ್ಪ್ರಿಂಕ್ಲರ್ ತಿರುಗುತ್ತದೆ, ಗೆಡ್ಡೆಗೆ ಬೇಸಿಗೆ ಬಂದದ್ದೇ ತಿಳಿಯುವುದಿಲ್ಲ. ಎಲೆ ಹುಲುಸು, ಹೂವು ಅಲ್ಲೊಂದು ಇಲ್ಲೊಂದು. ಹಾಲೆಂಡಿನವರು ಗೆಡ್ಡೆ ಅಗೆದು 13 ಡಿಗ್ರಿ ಕೋಣೆಯಲ್ಲಿ 8-10 ವಾರ ಮಲಗಿಸುತ್ತಾರೆ. ನಮಗೆ ಕೋಣೆ ಬೇಡ, ಒಣಗಿಸಿದರೆ ಸಾಕು. ಡಿಸೆಂಬರ್ ಮೊದಲ ವಾರದಿಂದ ಚಟ್ಟಿಗೆ ನೀರು ನಿಲ್ಲಿಸಿ. ಎಲೆ ತಾನಾಗಿ ಹಳದಿಯಾಗಿ ಒಣಗಲಿ. ಚಟ್ಟಿಯನ್ನು ಅಡ್ಡಕ್ಕೆ ಮಲಗಿಸಿ ಕೊಟ್ಟಿಗೆಯ ಮಾಡಿನಡಿ ಇಟ್ಟರೂ ಆದೀತು. ಫೆಬ್ರವರಿ ಕೊನೆಗೆ ಅಥವಾ ಮಾರ್ಚಿನಲ್ಲಿ ಬಿಸಿಲಿಗೆ ತಂದು ಒಂದು ಸಲ ಚೆನ್ನಾಗಿ ನೀರು ಕೊಡಿ. ಗೆಡ್ಡೆಯ ಕುತ್ತಿಗೆಯಿಂದ ಹಸಿರು ನಾಲಿಗೆಯಂಥದ್ದು ಹೊರಬರುವವರೆಗೆ ಮತ್ತೆ ನೀರಿಗೆ ಅವಸರ ಬೇಡ. ಚಪ್ಪಟೆ, ತುದಿ ಮೊಂಡು ಇದ್ದರೆ ಅದು ಎಲೆ. ಸ್ವಲ್ಪ ದಪ್ಪ, ತುದಿ ಚೂಪಾಗಿ ಸೀಳಿದ ಹಾಗೆ ಕಂಡರೆ ಮೊಗ್ಗು.

ಮೂರನೆಯದು ಆಳ. ಡ್ಯಾಫೊಡಿಲ್ ಗೆಡ್ಡೆಯನ್ನು ಅದರ ಎತ್ತರದ ಎರಡು-ಮೂರು ಪಟ್ಟು ಆಳಕ್ಕೆ ಹೂಳುತ್ತಾರೆ. ಪುಸ್ತಕ ಓದಿ ಅಮರಿಲ್ಲಿಸನ್ನೂ ಹಾಗೇ ಹೂತರೆ ಕೆಟ್ಟಿರಿ. 3500 ಮಿಲಿಮೀಟರ್ ದಾಟುವ ನಮ್ಮ ಮಳೆಗೆ ಕುತ್ತಿಗೆಯಲ್ಲಿ ನೀರು ನಿಂತು ಕೊಳೆಯುತ್ತದೆ. ಗೆಡ್ಡೆಯ ಮೇಲಿನ ಅರ್ಧ, ಕನಿಷ್ಠ ಮೂರರಲ್ಲೊಂದು ಭಾಗ ಹೊರಗಿರಬೇಕು. ಮಣ್ಣಿನ ಮೇಲೆ ನೀರುಳ್ಳಿ ಇಟ್ಟ ಹಾಗೆ ಕಾಣಬೇಕು.

ಚಟ್ಟಿ, ಮಣ್ಣು

ಚಟ್ಟಿ ದೊಡ್ಡದಾದಷ್ಟು ಒಳ್ಳೆಯದು ಎಂಬ ಭ್ರಮೆ ನನಗೂ ಇತ್ತು. ಗೆಡ್ಡೆ ಮತ್ತು ಚಟ್ಟಿಯ ಅಂಚಿನ ನಡುವೆ ಎರಡು ಬೆರಳು ಜಾಗ ಸಾಕು. ದೊಡ್ಡ ಚಟ್ಟಿಯಲ್ಲಿ ಬೇರು ಮುಟ್ಟದ ಮಣ್ಣು ಒದ್ದೆಯಾಗಿಯೇ ಉಳಿದು ಕೊಳೆ ತರುತ್ತದೆ. ಮಣ್ಣಿನ ಚಟ್ಟಿಯೇ ಮೇಲು. ಪ್ಲಾಸ್ಟಿಕ್ ಆದರೆ ತಳಕ್ಕೆ ಇನ್ನೂ ನಾಲ್ಕು ತೂತು ಹೆಚ್ಚು ಕೊರೆಯಿರಿ. ಗೆಡ್ಡೆ ಭಾರ, ಹೂವು ಅದಕ್ಕಿಂತ ಭಾರ, ಹಗುರದ ಚಟ್ಟಿ ಗಾಳಿಗೆ ಮಗುಚಿ ಬೀಳುತ್ತದೆ.

ನನ್ನ ಮಿಶ್ರಣ: ಎರಡು ಬುಟ್ಟಿ ಸುಡುಮಣ್ಣು, ಒಂದು ಬುಟ್ಟಿ ಹೊಳೆ ಹೊಯ್ಗೆ, ಒಂದು ಬುಟ್ಟಿ ವರ್ಷ ಕಳೆದ ಹಟ್ಟಿಗೊಬ್ಬರ. ಒಂದು ಹಿಡಿ ಎಲುಬಿನ ಹುಡಿ. ಮಳೆ ಹಿಡಿದ ಮೇಲೆ ತಿಂಗಳಿಗೊಮ್ಮೆ ಬಚ್ಚಲೊಲೆಯ ಬೂದಿ ಒಂದು ಚಮಚ. ಹಸಿ ಸೆಗಣಿ, ಗೋಬರ್ ಗ್ಯಾಸಿನ ಸ್ಲರಿ ಗೆಡ್ಡೆಗೆ ತಾಗಿಸಬಾರದು. ನೆಲದಲ್ಲಿ ನೆಡುವುದಾದರೆ ಜಂಬಿಟ್ಟಿಗೆ ಚೂರು ಹಾಕಿ ಮುಕ್ಕಾಲು ಅಡಿ ಎತ್ತರದ ಏರಿ ಮಾಡಿ. ಬೆಳಗಿನ ಬಿಸಿಲು ನಾಲ್ಕು ಗಂಟೆ ಬೀಳಲಿ. ಒಮ್ಮೆ ನೆಟ್ಟದ್ದನ್ನು ವರ್ಷ ವರ್ಷ ಕೀಳಬೇಡಿ, ಇದರ ದಪ್ಪ ಬೇರುಗಳಿಗೆ ಅದು ಆಗದು. ಮೂರು ವರ್ಷಕ್ಕೊಮ್ಮೆ ಸಾಕು.

ಕೊಳ್ಳುವಾಗ ಗಾತ್ರ ನೋಡಿ. ಹೈಬ್ರಿಡ್ ಗೆಡ್ಡೆಯ ಸುತ್ತಳತೆ 20 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಆ ವರ್ಷ ಹೂವಿನ ಭರವಸೆ ಇಲ್ಲ. ಒತ್ತಿದರೆ ಗಟ್ಟಿ ಇರಬೇಕು, ಬುಡದ ಬೇರಿನ ತಟ್ಟೆ ಒಣಗಿ ಗಡುಸಾಗಿರಬೇಕು. ಮೆತ್ತಗಿದ್ದದ್ದು ಬೇಡವೇ ಬೇಡ.

ಕೆಂಪು ಕಲೆ, ಕರಿ ಹುಳ

ಎಲೆಯ ಮೇಲೆ, ದಂಟಿನ ಮೇಲೆ ಇಟ್ಟಿಗೆ ಕೆಂಪಿನ ಉದ್ದ ಕಲೆ ಬಂದು, ದಂಟು ಒಂದು ಬದಿಗೆ ಡೊಂಕಾದರೆ ಅದು ಸ್ಟ್ಯಾಗನೊಸ್ಪೋರ ಎಂಬ ಶಿಲೀಂಧ್ರ. ಮಳೆಹನಿ ಸಿಡಿದು ಹರಡುತ್ತದೆ. ಕಲೆ ಇರುವ ಎಲೆ ಕತ್ತರಿಸಿ ಸುಡಿ. ಇದೊಂದೇ ಎಲೆ ಕತ್ತರಿಸಲು ನನ್ನ ಒಪ್ಪಿಗೆ. ನಾನು ಅಡಿಕೆಗೆ ಔಷಧಿ ಬಿಡುವ ದಿನ ಡ್ರಮ್ಮಿನ ತಳದಲ್ಲಿ ಉಳಿದ ಬೋರ್ಡೋ ದ್ರಾವಣವನ್ನು ಅಂದೇ ಇವುಗಳ ಮೇಲೂ ಬಿಡುತ್ತೇನೆ. ಬೇರೆ ಖರ್ಚಿಲ್ಲ. ಗೆಡ್ಡೆಗೆ ಗಾಯವಾದಲ್ಲಿ ಕೆಂಪು ಬಣ್ಣ ಬರುವುದು ಸಹಜ, ಅದನ್ನು ಕಂಡು ಗಾಬರಿಯಾಗಿ ಬಿಸಾಡಬೇಡಿ.

ಕರಿ ಮೈಯಲ್ಲಿ ಬಿಳಿ, ಕಿತ್ತಳೆ ಚುಕ್ಕೆಯ ಕಂಬಳಿಹುಳ ಬಂದರೆ ಎರಡು ದಿನದಲ್ಲಿ ಇಡೀ ಗಿಡ ಖಾಲಿ. ಇದು ಲಿಲಿ ಪತಂಗದ ಮರಿ. ಗೌರಿಹೂವಿನ ಬಳ್ಳಿಯನ್ನು ಬೋಳಿಸುವ ಹುಳವೇ ಇದು. ಗುಂಪಾಗಿ ಇರುವುದರಿಂದ ಕೈಯಲ್ಲಿ ಹೆಕ್ಕಿ ಸಾಬೂನು ನೀರಿಗೆ ಹಾಕುವುದೇ ಸುಲಭ. ರಾತ್ರಿ ಬ್ಯಾಟರಿ ಹಿಡಿದು ಹೊರಟರೆ ಬಸವನಹುಳಗಳೂ ಸಿಗುತ್ತವೆ, ಎಳೆ ಮೊಗ್ಗಿನ ಶತ್ರು ಅವು.

ಉಳಿದ ನಂಟರು

ಫುಟ್‌ಬಾಲ್ ಲಿಲಿ ಆಫ್ರಿಕಾದ್ದು. ಪತ್ತನಾಜೆಯ ಹೊತ್ತಿಗೆ, ಮೊದಲ ಮಳೆ ಬಿದ್ದೊಡನೆ ಬೋಳು ನೆಲದಿಂದ ಕೆಂಪು ಚೆಂಡು ಏಳುತ್ತದೆ. ಒಂದು ಚೆಂಡಿನಲ್ಲಿ ನೂರಕ್ಕೂ ಹೆಚ್ಚು ಸಣ್ಣ ಹೂಗಳು. ವರ್ಷಕ್ಕೊಂದೇ ಚೆಂಡು, ಹತ್ತು ದಿನದ ಸಡಗರ, ಆಮೇಲೆ ನವೆಂಬರ್‌ವರೆಗೆ ಎಲೆ. ಇದರ ಕುತ್ತಿಗೆ ಮಣ್ಣಿನ ಮಟ್ಟಕ್ಕೆ ಇರಲಿ. ಅರೆನೆರಳು ಸಾಕು. ಬೇಸಿಗೆಯಲ್ಲಿ ಏನೂ ಕಾಣುವುದಿಲ್ಲವಾದ್ದರಿಂದ ಒಂದು ಕೋಲು ನೆಟ್ಟು ಗುರುತು ಮಾಡಿಡಿ. ಇಲ್ಲದಿದ್ದರೆ ಹಾರೆ ಅದರ ಮೇಲೆಯೇ ಬೀಳುತ್ತದೆ. ನಮ್ಮಲ್ಲಿ ಎರಡು ಗೆಡ್ಡೆ ಹಾಗೆ ಹೋದವು.

ಮಳೆ ಲಿಲಿ ಬಡವರ ಡ್ಯಾಫೊಡಿಲ್. ಜೆಫಿರಾಂಥಿಸ್ ಎಂಬ ಹೆಸರಿನ ಅರ್ಥ ಪಡುಗಾಳಿಯ ಹೂವು ಎಂದು. ಹೆಸರಿಟ್ಟವರಿಗೆ ನಮ್ಮ ಮುಂಗಾರು ಗೊತ್ತಿರಲಿಲ್ಲ, ಆದರೂ ಹೆಸರು ನಮಗೇ ಹೊಂದಿತು. ಒಣಗಿದ ಮಣ್ಣಿಗೆ ಗಟ್ಟಿ ಮಳೆ ಬಿದ್ದು ಕೆಲವೇ ದಿನಕ್ಕೆ ಗುಲಾಬಿ, ಬಿಳಿ, ಹಳದಿ ಹೂವು ಒಟ್ಟಿಗೆ ಎದ್ದು ನಿಲ್ಲುತ್ತದೆ. ಕಡಲೆ ಗಾತ್ರದಿಂದ ಗೋಲಿ ಗಾತ್ರದ ಗೆಡ್ಡೆ, ಎರಡಿಂಚು ಆಳ. ಅಗಲದ ಚಟ್ಟಿಯಲ್ಲಿ ಇಪ್ಪತ್ತು-ಮೂವತ್ತು ಒತ್ತಾಗಿ ಹಾಕಿ. ಒತ್ತಾದಷ್ಟೂ ಚಂದ.

ಪಾಗಾರದ ಬದಿಗೆ, ನೀರು ನಿಲ್ಲುವ ಜಾಗಕ್ಕೆ ಬಿಳಿ ಜೇಡ ಲಿಲಿ. ಸಂಜೆ ಅರಳಿ ಪರಿಮಳ ಬೀರುತ್ತದೆ. ಸತ್ತೇನೆಂದರೂ ಸಾಯದ ಗಿಡ. ತಮಿಳುನಾಡಿನಲ್ಲಿ ಇದರ ಮೊಗ್ಗನ್ನು ಹಾರ, ಮಂಟಪಕ್ಕೆಂದು ಬೆಳೆದು ಮಾರುತ್ತಾರೆ. ಬಿಸಿಲೇ ಇಲ್ಲದ ಜಗಲಿಗೆ ಯೂಕರಿಸ್ ಇದೆ, ಬಿಳಿ ಹೂವು ಡ್ಯಾಫೊಡಿಲ್‌ನ ಹಾಗೇ ನಡುವೆ ಬಟ್ಟಲು ಹೊತ್ತಿದೆ.

ಇವೆಲ್ಲ ಹೊರಗಿನವು. ಈ ಕುಟುಂಬದ ಕ್ರೈನಮ್ ಕುಲದವರು ನಮ್ಮ ನೆಲದವರೇ. 2012ರಲ್ಲಿ ನಮ್ಮ ನೆರೆಯ ಕಾಸರಗೋಡು ಜಿಲ್ಲೆಯ ಪೆರಿಯದಲ್ಲಿ ಹರಿಯುವ ತೋಡಿನೊಳಗೆ ಬೆಳೆಯುವ ಒಂದು ಕ್ರೈನಮನ್ನು ಹೊಸ ಪ್ರಭೇದ ಎಂದು ಸಸ್ಯಶಾಸ್ತ್ರಜ್ಞರು ದಾಖಲಿಸಿದರು. ಹೆಸರು ಕ್ರೈನಮ್ ಮಲಬಾರಿಕಮ್. ದಿನಾ ದಾಟುವ ತೋಡಿನಲ್ಲಿ ಹೀಗೊಂದು ಹೂವು! ಅಂಥದ್ದು ಕಂಡರೆ ಕಿತ್ತು ತರಬೇಡಿ, ಅಲ್ಲೇ ಇರಲಿ.

ನೀರುಳ್ಳಿ ಅಲ್ಲ, ಎಚ್ಚರ

ಇದನ್ನು ದೊಡ್ಡಕ್ಷರದಲ್ಲಿ ಬರೆಯಬೇಕು. ಡ್ಯಾಫೊಡಿಲ್ ಮತ್ತು ಇಲ್ಲಿ ಹೇಳಿದ ಅದರ ನಂಟರ ಗೆಡ್ಡೆಯಲ್ಲಿ ಲೈಕೊರಿನ್ ಎಂಬ ವಿಷ ಇದೆ. ತಿಂದರೆ ವಾಂತಿ, ಭೇದಿ, ಹೊಟ್ಟೆನೋವು. ಇಂಗ್ಲೆಂಡಿನ ಸಫೊಕ್‌ನ ಶಾಲೆಯೊಂದರಲ್ಲಿ 2009ರಲ್ಲಿ ಅಡುಗೆ ಪಾಠದ ಸೂಪಿಗೆ ನೀರುಳ್ಳಿ ಜೊತೆ ಡ್ಯಾಫೊಡಿಲ್ ಗೆಡ್ಡೆ ಸೇರಿ ಮಕ್ಕಳು ಆಸ್ಪತ್ರೆ ಸೇರಿದ್ದರು. 2015ರಲ್ಲಿ ಅಲ್ಲಿನ ಆರೋಗ್ಯ ಇಲಾಖೆ ಅಂಗಡಿಗಳಲ್ಲಿ ಈ ಹೂವನ್ನು ತರಕಾರಿ ಪಕ್ಕ ಇಡಬೇಡಿ ಎಂದು ಹೇಳಿತು. ನಮ್ಮ ಮನೆಗಳಲ್ಲಿ ಅಗೆದ ಗೆಡ್ಡೆಯನ್ನು ಅಡುಗೆಮನೆಯ ಅಟ್ಟದಲ್ಲಿ, ನೀರುಳ್ಳಿ ಬುಟ್ಟಿಯ ಪಕ್ಕ ಇಡುವ ಅಭ್ಯಾಸ ಇದೆ. ಮಾಡಲೇಬೇಡಿ. ಬೇರೆ ಗೋಣಿ, ಬೇರೆ ಕೋಣೆ, ಮೇಲೊಂದು ಚೀಟಿ. ಕತ್ತರಿಸಿದ ಎಲೆ, ಗೆಡ್ಡೆ ಚೂರು ದನದ ಬಾಯಿಗೆ ಸಿಗುವಲ್ಲಿ ಹಾಕಬೇಡಿ. ರಸ ತಾಗಿದರೆ ಕೆಲವರಿಗೆ ತುರಿಕೆ, ಕೆಸುವಿನ ಹಾಗೆ. ಕೈಚೀಲ ಹಾಕಿಕೊಳ್ಳಿ.

ವಿಷದ ಇನ್ನೊಂದು ಮುಖವೂ ಇದೆ. ಡ್ಯಾಫೊಡಿಲ್‌ನಲ್ಲಿರುವ ಗ್ಯಾಲಂಟಮಿನ್ ಎಂಬ ಅಂಶ ಮರೆವಿನ ರೋಗ ಆಲ್ಜೈಮರ್‌ಗೆ ಮದ್ದು, ವೇಲ್ಸ್‌ನ ಗುಡ್ಡಗಳಲ್ಲಿ ಅದಕ್ಕೆಂದೇ ಬೆಳೆಸಿದ್ದಾರೆ. ಅದು ಕಾರ್ಖಾನೆಯ ಕೆಲಸ, ಕಷಾಯ ಮಾಡಲು ಹೋಗಬೇಡಿ. ನಮಗಾದ ಲಾಭ ಏನೆಂದರೆ, ಮರಗೆಣಸನ್ನು ಬುಡಸಮೇತ ಮುಗಿಸಿದ ನಮ್ಮ ಹೆಗ್ಗಣ ಪಕ್ಕದ ಲಿಲಿ ಸಾಲಿಗೆ ಇವತ್ತಿನವರೆಗೆ ಬಾಯಿ ಹಾಕಿಲ್ಲ.

ಒಂದನ್ನು ಇಪ್ಪತ್ತು ಮಾಡುವುದು

ಊರಿನ ಹಳೆ ಅಮರಿಲ್ಲಿಸ್ ತಾನಾಗಿ ಮರಿ ಹಾಕುತ್ತದೆ. ಹೈಬ್ರಿಡ್ ಮರಿ ಹಾಕುವುದರಲ್ಲಿ ಜಿಪುಣ. ಅದಕ್ಕೆ ಗೆಡ್ಡೆ ಸೀಳುವ ಉಪಾಯ. ದೊಡ್ಡ ಗೆಡ್ಡೆಯ ಎಲೆ, ಬೇರು ಸವರಿ, ಹರಿತದ ಶುಚಿ ಕತ್ತಿಯಿಂದ ಮೇಲಿನಿಂದ ಬುಡಕ್ಕೆ ಕಿತ್ತಳೆ ತೊಳೆಯ ಹಾಗೆ 8 ಹೋಳು ಮಾಡಿ. ಒಂದೊಂದು ಹೋಳನ್ನೂ ಎರಡೆರಡು ಪದರದ ಜೋಡಿಯಾಗಿ ಬಿಡಿಸಿ. ಪ್ರತಿ ಜೋಡಿಗೂ ಬುಡದ ತಟ್ಟೆಯ ಚೂರು ಅಂಟಿರಲೇಬೇಕು, ಅದಿಲ್ಲದ್ದು ಬರೀ ಸಿಪ್ಪೆ. ಶಿಲೀಂಧ್ರನಾಶಕದಲ್ಲಿ ಅದ್ದಿ ನೆರಳಲ್ಲಿ ಆರಿಸಿ, ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಮಾತ್ರ ಒದ್ದೆ ಮಾಡಿದ ತೆಂಗಿನ ನಾರಿನ ಹುಡಿಯಲ್ಲಿ ಅರ್ಧ ಹೂತು, ನೆರಳಲ್ಲಿಡಿ. ಎರಡು-ಮೂರು ತಿಂಗಳಿಗೆ ಪದರಗಳ ನಡುವೆ ಬಟಾಣಿಯಂಥ ಮರಿಗೆಡ್ಡೆ. ನನ್ನ ಮೊದಲ ಪ್ರಯತ್ನ ಜುಲೈಯಲ್ಲಿ ಮಾಡಿ ಎಲ್ಲ ಬೂಸು ಹಿಡಿಯಿತು. ಜನವರಿಯಲ್ಲಿ ಮಾಡಿದಾಗ 24 ಚೂರಿನಲ್ಲಿ 17 ಮರಿ ಕೊಟ್ಟವು. ಹೂವಿಗೆ ಮೂರು ವರ್ಷ ಕಾಯಬೇಕು. ಬೀಜದಿಂದಲೂ ಅಷ್ಟೇ ಕಾಲ. ಕಪ್ಪು ಕಾಗದದ ಚೂರಿನಂಥ ಬೀಜವನ್ನು ಕಾಯಿ ಒಡೆದ ವಾರದಲ್ಲೇ ಬಿತ್ತಬೇಕು.

ಹದಿನೇಳರಲ್ಲಿ ಹತ್ತು ಈಗ ನೀರುಳ್ಳಿ ಗಾತ್ರ ದಾಟಿವೆ. ಐದು ಕೊಟ್ಟು ಪಕ್ಕದ ಮನೆಯಿಂದ ಹಳದಿ ಮಳೆ ಲಿಲಿ ಒಂದು ಬುಟ್ಟಿ ತಂದೆ. ಮೇಳದ ಮಳಿಗೆಗೆ ಹೋಗುವುದು ನಿಂತಿದೆ.